ಪಂಕ್ತಿ ನೋಡಿ ಮಗು ಬಿಡುತ್ತಿದ್ದವರು

ಸತ್ತ ಮೇಲೆ ಅವರನ್ನು ಚಾಪೆಯ ಮೇಲೆ ಮಲಗಿಸಿದ್ದರು. ನನಗೆ ಮೊದಲು ಗುರುತೇ ಹತ್ತಲಿಲ್ಲ. ಮಲಗಿದ ಅವರನ್ನು ನಾನು ಯಾವತ್ತೂ ನೋಡಿರಲಿಲ್ಲ. ಕೂತದ್ದನ್ನು ನೋಡಿದ್ದೂ ಕಡಿಮೆ. ಮದ್ರಾಸಿನ ತ್ರಿಪ್ಲಿಕೇನಿನ ಒಂದು ಮೆಸ್ಸಿನಲ್ಲಿ ಅವರು ಹೊರಗೆ ಬಡಿಸುವವರು, ನಾನು ಒಳಗೆ ಬೇಯಿಸುವವಳು. ನನ್ನ ಗಂಡ ಅಲ್ಲಿಯ ಅಡುಗೆಯವರು; ಅವರು ಹೋದ ಮೇಲೆ ಆ ಒಲೆ ನನ್ನ ಪಾಲಿಗೆ ಬಂತು. ಹಾಗಾಗಿ ಈ ಮನುಷ್ಯ ನನಗೆ ಗೊತ್ತಿದ್ದದ್ದು ಹೆಚ್ಚಾಗಿ ಕಾಲಿನ ಸದ್ದಿನಿಂದ. ಚಪ್ಪಲಿ ಇಲ್ಲದ ಕಾಲು, ಒದ್ದೆ ನೆಲ. ಆ ಸದ್ದು ಬಾಗಿಲಿಗೆ ಬರುವ ಮೊದಲೇ ನಾನು ಸಾಂಬಾರಿನ ಬಕೆಟ್ಟು ತುಂಬಿಸಿ ಇಟ್ಟಿರುತ್ತಿದ್ದೆ.

ಕನ್ನಡ ಸಂಘದವರು ಬಂದು, ಅವರ ನೆನಪಿಗೆ ಒಂದು ಪುಸ್ತಕ ಮಾಡುತ್ತೇವೆ, ನೀವೂ ಬರೆಯಬೇಕು ಎಂದರು. ಅನಾಥ ಮಕ್ಕಳ ದೇವರು ಎಂದು ಹೆಸರನ್ನೂ ಯೋಚಿಸಿಕೊಂಡೇ ಬಂದಿದ್ದರು. ನಾನು ಕಲಿತದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸುವುದು ನಿಧಾನ. ದೇವರು ಗೀವರು ಎಂದು ಬರೆಯಲು ಕೂತರೆ ಇನ್ನೂ ನಿಧಾನವಾಗುತ್ತದೆ. ಕಂಡದ್ದನ್ನು ಬರೆಯುತ್ತೇನೆ, ಬೇಡವಾದರೆ ಬಿಡಿ ಎಂದೆ. ಹೆಸರು ಬರೆಯುವುದಿಲ್ಲ. ಅವರ ಹೆಸರು ಹೇಳಿದರೆ ನಮ್ಮ ಕಡೆಯ ಎಷ್ಟೋ ಮನೆಗಳ ಗುರುತು ಸಿಕ್ಕಿಬಿಡುತ್ತದೆ. ಆ ಮನೆಗಳಲ್ಲಿ ಈಗ ಮೊಮ್ಮಕ್ಕಳಿದ್ದಾರೆ.

ಅವರೂ ಕುಂದಾಪುರದ ಕಡೆಯವರೇ. ಸಣ್ಣವರಿದ್ದಾಗ ಯಾರೋ ಊರಿನವರು ಮದ್ರಾಸಿಗೆ ಕರೆತಂದು ಟೇಬಲ್ ಒರೆಸಲು ಬಿಟ್ಟಿದ್ದರಂತೆ. ಅಲ್ಲಿಂದ ಲೋಟ ತೊಳೆದು, ನೀರು ಇಟ್ಟು, ಬಡಿಸುವವರೆಗೆ ಬಂದರು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದರೆ, “ಕೂತು ಮಾತಾಡಲು ಪುರುಸೊತ್ತು ಇದ್ದವನಿಗೆ ಅಲ್ದಾ ಮದುವೆ” ಎನ್ನುತ್ತಿದ್ದರು. ಕೈ ಮಾತ್ರ ಚಂದ. ಓಡುತ್ತ ಬಡಿಸಿದರೂ ಎಲೆಯಿಂದ ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ. ಊಟಕ್ಕೆ ಬರುವ ಗುಮಾಸ್ತರಲ್ಲಿ ಯಾರಿಗೆ ಮನೆಯಿಂದ ಕೆಟ್ಟ ಸುದ್ದಿ ಬಂದಿದೆ, ಯಾರಿಗೆ ಕೆಲಸ ಹೋಗಿದೆ ಎಂದು ಅವರು ಒಳಗೆ ಬಂದು ಹೇಳುತ್ತಿದ್ದರು. ಅನ್ನ ಕಲಸುವ ಕೈ ನೋಡಿದರೆ ಗೊತ್ತಾಗುತ್ತದಂತೆ. ಹತ್ತು ಸಲದಲ್ಲಿ ನಾಲ್ಕು ಸಲ ತಪ್ಪುತ್ತಿತ್ತು. ತಪ್ಪಿದ್ದನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಮೆಸ್ಸಿನ ಹಿಂದೆ ಒಂದು ಓಣಿ. ಎಂಜಲೆಲೆ ಅಲ್ಲಿಗೆ ಬೀಳುತ್ತಿತ್ತು. ಬಿದ್ದದ್ದನ್ನು ಹಂಚಿಕೊಳ್ಳಲು ದನ, ನಾಯಿ, ಮಕ್ಕಳು. ಮಕ್ಕಳನ್ನು ನಾನೂ ಓಡಿಸುತ್ತಿದ್ದೆ. ಓಡಿಸದಿದ್ದರೆ ಪಾತ್ರೆ ಹೋಗುತ್ತಿತ್ತು. ಇವರು ಓಡಿಸುತ್ತಿರಲಿಲ್ಲ, ಕರೆದು ಬೇರೆ ಎಲೆ ಹಾಕಿ ಬಡಿಸುತ್ತಿದ್ದರು. ಆ ಮಕ್ಕಳು ಇವರಿಗೆ ಸಾಂಬಾರ್ ಮಾಮ ಎಂದು ಹೆಸರಿಟ್ಟರು.

ಬೆಳಿಗ್ಗೆ ಬಾಳೆಲೆ ತರಲು ಮಾರುಕಟ್ಟೆಗೆ ಹೋದವರು ಬರುವಾಗ ಸೆಂಟ್ರಲ್ ಸ್ಟೇಷನ್ನಿನ ಒಳಗೆ ಹಾದು ಬರುತ್ತಿದ್ದರು. ಅಲ್ಲಿ ಪ್ಲಾಟ್‌ಫಾರಮ್ಮಿನ ಮೇಲೆ ಮಲಗುವ ಮಕ್ಕಳನ್ನು ಎಬ್ಬಿಸಿ ಮಾತಾಡಿಸುತ್ತಿದ್ದರು. ಒಬ್ಬ ಹುಡುಗನನ್ನು ಒಮ್ಮೆ ಸರ್ಕಾರದ ಮಕ್ಕಳ ಹೋಮಿಗೆ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಮರುದಿನ ಎಲೆಯ ಕಟ್ಟು ಹೊತ್ತು ಸ್ಟೇಷನ್ನಿಗೆ ಬಂದರೆ ಅವನು ಅದೇ ಕಂಬಕ್ಕೆ ಒರಗಿ ಕೂತಿದ್ದ. “ಎನ್ನ ಮಾಮ, ಲೇಟಾ?” ಎಂದನಂತೆ.

ಆಗ ಅವರಿಗೆ ಊರಿನ ಯೋಚನೆ ಬಂತು. ನಮ್ಮ ಕಡೆಯ ಗಂಡುಮಕ್ಕಳನ್ನೆಲ್ಲ ಮದ್ರಾಸು, ಬೊಂಬಾಯಿಯ ಹೋಟೆಲುಗಳು ಎಳೆದುಕೊಂಡಿದ್ದವು. ಊರಲ್ಲಿ ಹಟ್ಟಿ ತುಂಬ ದನ, ಗದ್ದೆ, ಮಾಡುವ ಕೈ ಇಲ್ಲ. ಮಕ್ಕಳಿಲ್ಲದ ಮನೆಗಳೂ ಇದ್ದವು. “ಊರಿನ ಮಕ್ಕಳನ್ನು ತಂದು ಪೇಟೆಗೆ ಹಾಕಿದ್ದು ಸಾಕು. ಪೇಟೆಯ ಮಕ್ಕಳು ಊರಿಗೆ ಹೋಗಲಿ” ಎಂದು ಹೊರಟರು. ಮಂಗಳೂರು ರೈಲು, ಅಲ್ಲಿಂದ ಬಸ್ಸು. ಒಂದು ಸಲಕ್ಕೆ ಒಂದೇ ಮಗು. ಎರಡು ಮಕ್ಕಳಾದರೆ ಒಬ್ಬರ ಕೈ ಇನ್ನೊಬ್ಬರು ಹಿಡಿದು ಇಳಿದು ಓಡುತ್ತಾರೆ ಎನ್ನುತ್ತಿದ್ದರು.

ಈಗ ಹಾಗೆ ಮಾಡಿದರೆ ಜೈಲಿಗೆ ಹಾಕುತ್ತಾರೆ. ಹಾಕುವುದೇ ಸರಿ. ಯಾರದೋ ಮಗುವನ್ನು ಒಬ್ಬ ಸಾಂಬಾರು ಬಡಿಸುವವನು ರೈಲು ಹತ್ತಿಸುವುದೆಂದರೆ ಏನು? ಅವರು ವಿಚಾರಿಸುತ್ತಿದ್ದರು, ಇಲ್ಲ ಎನ್ನುವುದಿಲ್ಲ. ಪೋರ್ಟರುಗಳನ್ನು ಕೇಳಿ, ಟೀ ಅಂಗಡಿಯವರನ್ನು ಕೇಳಿ, ವಾರಗಟ್ಟಲೆ ಕಾದು, ಯಾರೂ ಇಲ್ಲ ಎಂದ ಮೇಲೆಯೇ ಕರೆದೊಯ್ಯುತ್ತಿದ್ದರು. ಆದರೂ ಒಂದು ಮಧ್ಯಾಹ್ನ ಒಬ್ಬ ಹೂ ಮಾರುವವಳು ಮೆಸ್ಸಿಗೆ ನುಗ್ಗಿ, ಉಣ್ಣುವವರ ನಡುವೆಯೇ ಇವರ ಅಂಗಿ ಹಿಡಿದಳು. ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಇವರು ಅವಳ ಹುಡುಗನನ್ನು ಊರಿಗೆ ದಾಟಿಸಿದ್ದರು. “ಎಂ ಪುಳ್ಳೆ ಎಂಗೆ?” ನನ್ನ ಮಗು ಎಲ್ಲಿ ಎಂದು ಅವಳು ಕೇಳಿದ ಹಾಗೆ ಯಾರೂ ಯಾರನ್ನೂ ಕೇಳಬಾರದು. ಇವರು ಬಕೆಟ್ಟು ಕೆಳಗಿಟ್ಟು ಅದೇ ಬಟ್ಟೆಯಲ್ಲಿ ರೈಲಿಗೆ ಹೋದರು. ಹುಡುಗನನ್ನು ತಂದು ಎದುರು ನಿಲ್ಲಿಸಿದಾಗ ಅವಳು ಮೊದಲು ಹುಡುಗನಿಗೆ ಹೊಡೆದಳು, ಆಮೇಲೆ ಇವರಿಗೆ. ಇವರು ಕೆನ್ನೆ ಉಜ್ಜಿಕೊಂಡು ಇಬ್ಬರಿಗೂ ಎಲೆ ಹಾಕಿದರು.

ಅದಾದ ಮೇಲೂ ನಿಲ್ಲಿಸಲಿಲ್ಲ. ವಿಚಾರಣೆ ಇನ್ನಷ್ಟು ಜಾಸ್ತಿ ಮಾಡಿದರು, ಅಷ್ಟೇ.

ಊರಿನವರೇನು ಸಾಧುಗಳಲ್ಲ. ದನ ಅಟ್ಟಲು ಒಂದು ಮಾಣಿ ಸಿಕ್ಕಿದರೆ ನೋಡಿ, ಪಾತ್ರೆಗೆ ಒಂದು ಹೆಣ್ಣು ಸಿಕ್ಕಿದರೆ ನೋಡಿ ಎಂದು ಬಾಯಿಬಿಟ್ಟು ಹೇಳಿ ಕಳಿಸುತ್ತಿದ್ದರು. ಮಗು ಬೇಕು ಎನ್ನುವವರು ಯಾರು, ಆಳು ಬೇಕು ಎನ್ನುವವರು ಯಾರು? ಅದನ್ನು ಕಂಡುಹಿಡಿಯಲು ಅವರು ಒಂದು ಉಪಾಯ ಮಾಡಿದ್ದರು. ಬಡಿಸುವವರಿಗೆ ಮಾತ್ರ ಹೊಳೆಯುವ ಉಪಾಯ.

ಮಗುವನ್ನು ಕರೆದುಕೊಂಡು ಹೋಗಿ ಆ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದರು. ಮೀನು ತಿನ್ನುವ ಮನೆಯಾದರೆ ಗಂಜಿ ಉಪ್ಪಿನಕಾಯಿ ಸಾಕು ಎನ್ನುತ್ತಿದ್ದರು, ಆದರೆ ಪಂಕ್ತಿ ಬಿಡುತ್ತಿರಲಿಲ್ಲ. ಮಗುವಿನ ಬಟ್ಟಲು ಎಲ್ಲಿ ಇಡುತ್ತಾರೆ? ಮನೆಯ ಮಕ್ಕಳ ಸಾಲಿನಲ್ಲೋ, ಜಗಲಿಯ ಮೂಲೆಯಲ್ಲೋ? ಅನ್ನ ಬರುವುದು ಮನೆಯ ಮಕ್ಕಳ ಸಂಗಡವೋ, ಅವರು ಎದ್ದ ಮೇಲೋ? ಸೌಟು ಮನೆಯ ಮಕ್ಕಳಿಗೆ ತಳಕ್ಕೆ ಇಳಿದು ಹೋಳು ಎತ್ತಿಕೊಂಡು ಬರುತ್ತದಲ್ಲ, ಈ ಮಗುವಿನ ಸರದಿಗೆ ಮೇಲಿನ ನೀರಿನಲ್ಲೇ ತೇಲುತ್ತದೋ? ಮೊದಲ ದಿನ ಎಲ್ಲರೂ ನಾಟಕ ಮಾಡುತ್ತಾರೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಕೆಲವು ತಿಂಗಳು ಬಿಟ್ಟು ಹೇಳದೆ ಕೇಳದೆ ಊಟದ ಹೊತ್ತಿಗೇ ಇನ್ನೊಮ್ಮೆ ಹೋಗುತ್ತಿದ್ದರು. ಪಂಕ್ತಿ ಸರಿ ಇದ್ದರೆ ಮಗು ಅಲ್ಲೇ. ಇಲ್ಲದಿದ್ದರೆ ಅನ್ನದಿಂದ ಕೈ ತೆಗೆದು, ಮಗುವಿನ ಕೈ ಹಿಡಿದು, ಬಸ್ಸಿಗೆ.

“ಬಾಯಿ ಸುಳ್ಳು ಹೇಳ್ತದೆ. ಬಡಿಸುವ ಕೈ ಸುಳ್ಳು ಹೇಳೂದಿಲ್ಲೆ” ಎನ್ನುತ್ತಿದ್ದರು.

ನಮ್ಮ ಜಾತಿಯವರ ಮನೆಗೆ ಮಾತ್ರ ಒಂದು ಮಗುವನ್ನೂ ಬಿಡಲಿಲ್ಲ. ಯಾಕೆ ಎಂದು ಮೆಸ್ಸಿನ ಧಣಿಗಳು ಕೇಳಿದಾಗ, “ನಮ್ಮವರು ಮಗುವಿನ ಜಾತಿ ಕೇಳಿ ಮುಗಿಸುವಷ್ಟರಲ್ಲಿ ಅನ್ನ ಆರಿರ್ತದೆ” ಎಂದರು.

ಈಗ ಸೆಲ್ವಿಯ ವಿಷಯ. ನಾನು ಬರೆಯಲು ಒಪ್ಪಿದ್ದು ಇದಕ್ಕೇ.

ಸೆಲ್ವಿ ಸ್ಟೇಷನ್ನಿನಲ್ಲಿ ಸಿಕ್ಕಿದ ಹುಡುಗಿ. ಐದೋ ಆರೋ ವಯಸ್ಸು. ಹೊಳೆ ದಾಟಿ ಹೋಗುವ ಒಂದು ಊರಿನಲ್ಲಿ, ಎರಡು ಗಂಡು ಹೆತ್ತು ಹೆಣ್ಣು ಬೇಕೆಂದು ಆಸೆಪಟ್ಟ ಒಬ್ಬಳ ಮನೆಗೆ ಅವಳನ್ನು ಬಿಟ್ಟರು. ಮೊದಲ ದಿನ ಪಂಕ್ತಿಯಲ್ಲಿ ಎಲ್ಲವೂ ಸರಿ ಇತ್ತಂತೆ. ಮಳೆಗಾಲ ಕಳೆದು ಇವರು ಎರಡನೇ ಸಲ ನೋಡಲು ಹೋದರು. ಮೂರನೆಯ ದಿನ ನೋಡಿದರೆ ಹುಡುಗಿಯನ್ನು ಎಳೆದುಕೊಂಡು ಮೆಸ್ಸಿನ ಹಿಂಬಾಗಿಲಿಗೆ ಬಂದು ನಿಂತಿದ್ದಾರೆ. ಅತ್ತೂ ಅತ್ತೂ ಹುಡುಗಿಯ ಮುಖ ಬೀಗಿತ್ತು.

“ಬೇರೆ ಮನೆ ಸಿಕ್ಕುವವರೆಗೆ ನಿಮ್ಮ ಹತ್ತಿರ ಇರಲಿ” ಎಂದರು.

“ಎಂತಾಯ್ತು?”

“ಎಂತ ಆಪುದು. ಗಂಡ, ಎರಡು ಗಂಡುಮಕ್ಕಳು, ನಾನು, ನಾಲ್ಕೇ ಬಟ್ಟಲು. ಮಗು ಎಲ್ಲಿ ಅಂತ ಕೇಳಿದೆ. ‘ಅದು ಆಮೇಲೆ ಉಣ್ತದೆ’ ಅಂದ್ಳು. ಅಡುಗೆಮನೆ ಬಾಗಿಲಲ್ಲಿ ನಿಂತು ಇಣುಕಿ ನೋಡ್ತಾ ಇತ್ತು, ನಾಯಿಮರಿ ಹಾಗೆ. ಎದ್ದು ಬಂದೆ.”

ನನಗೂ ಸಿಟ್ಟು ಬಂತು. ಹುಡುಗಿಗೆ ಮುಖ ತೊಳೆಸಿ, ಬಡಿಸುವವರು ಉಣ್ಣುವ ಸಾಲಿನಲ್ಲಿ ಎಲೆ ಹಾಕಿಕೊಟ್ಟೆ. ಮುಟ್ಟಲಿಲ್ಲ. ಬೈದೆ, ಆಗಲೂ ಮುಟ್ಟಲಿಲ್ಲ. ಆಮೇಲೆ ಆಮೇಲೆ ಎಂದಷ್ಟೇ ಹೇಳುತ್ತಿತ್ತು. ಎರಡು ದಿನ ಹಾಗೇ ಆಯಿತು. ಪಂಕ್ತಿಯಲ್ಲಿ ಕೂರಿಸಿದರೆ ಅನ್ನ ಹಾಗೇ ಎಲೆಯಲ್ಲಿ. ಅಡುಗೆಮನೆಯ ಗೋಡೆಗೆ ಅಂಟಿಕೊಂಡು ಒಂದು ಹಿಡಿ ಅವಲಕ್ಕಿ ಅಗಿಯುತ್ತಿತ್ತು, ಅಷ್ಟೇ. ಆ ಎರಡು ದಿನ ನಾನು ಉಣ್ಣುವ ಹೊತ್ತಿಗೆ ಅದು ಮಲಗಿರುತ್ತಿತ್ತು; ಮೂರನೇ ದಿನ ನನ್ನ ಕೆಲಸ ಬೇಗ ಮುಗಿಯಿತು. ಎಲ್ಲರೂ ಉಂಡು ಹೋಗಿದ್ದರು. ನಾನು ಒಲೆಯ ಪಕ್ಕ ಕಾಲು ಚಾಚಿ ಬಟ್ಟಲಿಗೆ ಅನ್ನ ಹಾಕಿಕೊಂಡೆ, ತಳ ಹಿಡಿದ ಸೀಕಲನ್ನೂ ಹೆರೆದು ಹಾಕಿಕೊಂಡೆ. ಹುಡುಗಿ ಎದ್ದು ಬಂತು. ನನ್ನ ತೊಡೆಗೆ ತೊಡೆ ತಾಗಿಸಿ ಕೂತಿತು. ಕೇಳಲಿಲ್ಲ ಏನಿಲ್ಲ, ನನ್ನ ಬಟ್ಟಲಿಗೆ ಕೈ ಹಾಕಿ ಆ ಸೀಕಲನ್ನು ತೆಗೆದುಕೊಂಡಿತು. ಅದು ತನ್ನದೇ ಪಾಲು ಎನ್ನುವ ಹಾಗೆ.

“ಊರಲ್ಲೂ ಹೀಗೇ ಉಂಬುದಾ?” ಎಂದು ಕೇಳಿದೆ.

“ಅಮ್ಮ ಉಂಬುವಾಗ ನಾ ಉಂಬುದು” ಎಂದಿತು. ಅಷ್ಟರಲ್ಲೇ ನಮ್ಮ ಕಡೆಯ ಮಾತು ಅದರ ಬಾಯಿಗೆ ಬಂದಿತ್ತು.

ನಾನು ಕೈ ತೊಳೆಯದೆಯೇ ಹೊರಗೆ ಹೋದೆ. ಅವರು ಸಂಜೆಯ ಕಾಫಿಗೆ ಟೇಬಲ್ ಒರೆಸುತ್ತಿದ್ದರು.

“ಹ್ವಾಯ್, ಇಲ್ಲಿ ಕಾಣಿ. ನೀವು ಈ ಮೆಸ್ಸಿನಲ್ಲಿ ಎಷ್ಟು ಕಾಲದಿಂದ ಇದ್ದೀರಿ?”

“ಯಾಕೆ, ಪೆನ್ಷನ್ ಕೊಡ್ತ್ರಿಯಾ?”

“ನಾನು ಉಂಡದ್ದು ಯಾವತ್ತಾದರೂ ಕಂಡಿದ್ದೀರಾ?”

ಅವರು ಒರೆಸುವುದನ್ನು ನಿಲ್ಲಿಸಿದರು.

“ನಿಮ್ಮ ಅಮ್ಮ ಉಂಡದ್ದು ಕಂಡಿದ್ದೀರಾ?”

ಸುಳ್ಳು ಹೇಳುವ ಜನ ಅಲ್ಲ. “ಇಲ್ಲೆ” ಎಂದರು.

“ಮನೆ ಹೆಂಗಸು ಉಂಬುದು ಕಡೆಗೆ. ಅವಳ ಸಂಗಡ ಕಡೆಗೆ ಉಂಬುವವರು ಯಾರು ಗೊತ್ತುಂಟಾ? ಅವಳಿಗೆ ಬೇಕಾದವರು. ನಿಮಗೆ ಪಂಕ್ತಿ ಗೊತ್ತು ಮಾರಾಯ್ರೆ, ಅಡುಗೆಮನೆ ಗೊತ್ತಿಲ್ಲ. ಆ ಹೆಂಗಸು ತನ್ನ ಬಟ್ಟಲಲ್ಲಿ ಉಣಿಸುತ್ತಿದ್ದ ಮಗುವನ್ನು ನೀವು ಎಳೆದು ತಂದಿರಿ.”

ಒರೆಸುವ ಬಟ್ಟೆಯನ್ನು ಹಿಂಡಿದರು. ಅದರಲ್ಲಿ ನೀರೇ ಇರಲಿಲ್ಲ, ಆದರೂ ಹಿಂಡುತ್ತಲೇ ಇದ್ದರು. ಮರುದಿನ ಸೆಲ್ವಿಯನ್ನು ಕರೆದುಕೊಂಡು ರೈಲು ಹತ್ತಿದರು.

ವಾಪಸು ಬಂದ ಮೇಲೆ ಏನಾಯಿತು ಎಂದು ನಾನೇ ಕೇಳಬೇಕಾಯಿತು. ಆ ಹೆಂಗಸು ಅಂಗಳದಲ್ಲಿ ಹುಲ್ಲು ಒಣಗಿಸುತ್ತಿದ್ದಳಂತೆ. ಇವರನ್ನು ನೋಡಲೇ ಇಲ್ಲ. ಹುಡುಗಿ ಓಡಿತು. ಅವಳು ಅದರ ತಲೆ ಮೂಸಿ, ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಇವರು ಬಿಸಿಲಲ್ಲಿ ನಿಂತರು, ಕೆಮ್ಮಿದರು, ಹೊರಟು ಬಂದರು.

“ಒಂದು ಲೋಟ ನೀರು ಕೊಡ್ಲಿಲ್ಲ” ಎಂದರು. ಮುಖ ಮಾತ್ರ ಹಬ್ಬದ ಊಟಕ್ಕೆ ಬಡಿಸುವವರ ಹಾಗೆ ಇತ್ತು. “ಒಳ್ಳೆ ಮನೆ.”

ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಸೆಲ್ವಿಯ ವಿಷಯದಲ್ಲಿ ತಪ್ಪಿದವರು ಬೇರೆಯವರ ವಿಷಯದಲ್ಲಿ ಎಷ್ಟು ಸಲ ತಪ್ಪಿರಬಹುದು? ಅದು ತಲೆಗೆ ಹೊಕ್ಕಿತು. ಹಾಗೆಯೇ ಎಳೆದು ತಂದ ಮಕ್ಕಳಿದ್ದರು. ಅವರಲ್ಲಿ ಕೆಲವರು ಮತ್ತೆ ಸ್ಟೇಷನ್ನಿಗೆ ಓಡಿಹೋಗಿದ್ದರು. ಪಂಕ್ತಿ ಸರಿ ಇದೆ ಎಂದು ಬಿಟ್ಟುಬಂದ ಮಕ್ಕಳೂ ಇದ್ದರು. ಅಲ್ಲಿ ಸೌಟು ಸರಿಯಾಗಿ ತಳಕ್ಕೆ ಹೋಗುತ್ತಿದ್ದದ್ದು ಇವರು ಕೂತಿದ್ದಾಗ ಮಾತ್ರವೋ ಏನೋ. ರಜೆ ಹಾಕಿ ಮನೆಮನೆಗೆ ಮತ್ತೆ ತಿರುಗಿದರು. ಈ ಸಲ ಅಡುಗೆಮನೆ ನೋಡಬೇಕು ಎಂದು ಹಠ. ಊರ ಹೆಂಗಸರು ಬಿಡುತ್ತಾರೆಯೇ? ಒಂದು ಕಡೆ ಅಂಗಳ ಗುಡಿಸುತ್ತಿದ್ದ ಹಿಡಿಸೂಡಿ ತೋರಿಸಿದರಂತೆ. ಇನ್ನೊಂದು ಕಡೆ, “ಮೀನು ಕೊಚ್ಚುತ್ತಾ ಇದ್ದೇನೆ, ಬರುವುದಾದರೆ ನೀವೂ ಒಂದು ಕತ್ತಿ ಹಿಡೀರಿ” ಎಂದಳಂತೆ ಒಬ್ಬ ಅಜ್ಜಿ. ಇವರು ಹಿತ್ತಲ ಬಾವಿಯ ಹತ್ತಿರವೇ ನಿಂತು, ಕಿಟಕಿಯಿಂದ ಕಂಡಷ್ಟು ಕಂಡು ಬಂದರು.

ಕಂಡದ್ದರಿಂದ ಸಮಾಧಾನ ಆಗಲಿಲ್ಲ. ಕಿಟಕಿಯಿಂದ ಎಂತ ಕಾಣುತ್ತದೆ? ಮೆಸ್ಸಿನಲ್ಲಿ ಬಡಿಸುತ್ತ ಬಡಿಸುತ್ತ ನಡುವೆ ನಿಂತುಬಿಡುವುದು ಶುರುವಾಯಿತು. ಉಣ್ಣುವವರು ಎಲೆಯ ಮುಂದೆ ಕೈ ಹಿಡಿದು ಕಾಯುತ್ತಿದ್ದರು. ಹೊಸ ಮಕ್ಕಳನ್ನು ಕರೆದೊಯ್ಯುವುದು ಕಡಿಮೆಯಾಯಿತು. ಆಮೇಲೆ ಪೊಲೀಸು, ಸಮಿತಿ, ಕಾನೂನು ಎಲ್ಲ ಬಂದವು, ಪೂರ್ತಿ ನಿಂತಿತು. ಆದರೆ ಬಿಟ್ಟುಬಂದ ಮನೆಗಳಿಗೆ ವರ್ಷಕ್ಕೊಮ್ಮೆ ಹೋಗುವುದು ನಿಲ್ಲಲಿಲ್ಲ. ಬಂದು ನನ್ನ ಮುಂದೆ ವರದಿ ಒಪ್ಪಿಸುತ್ತಿದ್ದರು. ಇಂಥವನು ಉಳಲು ಕಲಿತ. ಇಂಥವನು ಬೊಂಬಾಯಿಗೆ ಓಡಿದ. ಇಂಥವಳು ಮಾತಾಡಿಸಲಿಲ್ಲ. ಕಡೆಗೆ ಸೆಲ್ವಿ. ಸೆಲ್ವಿಯ ಹೆಸರು ಬಂದಾಗ ಮಾತ್ರ ದನಿ ಸಡಿಲವಾಗುತ್ತಿತ್ತು.

“ಈಗ ಅವಳಿಗೇ ಮೊದಲ ಬಟ್ಟಲು ಅಕ್ಕ. ಗಂಡುಮಕ್ಕಳಿಗಿಂತ ಮೊದಲು. ಸೌಟು ತಳಕ್ಕೆ ಹೋಗಿ ಬತ್ತ್.”

ಅವರು ನನಗಿಂತ ದೊಡ್ಡವರು, ಆದರೂ ಅಕ್ಕ ಎನ್ನುತ್ತಿದ್ದರು. ಬೈದವರಿಗೆಲ್ಲ ಅವರು ಅಕ್ಕ ಎನ್ನುತ್ತಿದ್ದರು.

ಮೆಸ್ಸು ಮುಚ್ಚಿ ಅಲ್ಲಿ ಲಾಡ್ಜು ಆಯಿತು. ಅವರು ನಮ್ಮ ಬೀದಿಯಲ್ಲೇ ಒಂದು ಮಹಡಿ ಕೋಣೆಯಲ್ಲಿ ಇದ್ದರು. ನನ್ನ ಮಗ ಊಟ ಕೊಟ್ಟು ಬರುತ್ತಿದ್ದ. ಕೊಟ್ಟದ್ದನ್ನು ಕಿಟಕಿಯ ಹತ್ತಿರ ನಿಂತು ತಿನ್ನುತ್ತಿದ್ದರಂತೆ. ಈ ವರ್ಷ ಒಂದು ಬೆಳಿಗ್ಗೆ ಮೆಟ್ಟಿಲಿನ ಮೇಲೆ ಬಿದ್ದರು, ಆಸ್ಪತ್ರೆಗೆ ಮುಟ್ಟಲಿಲ್ಲ. ಹೋಟೆಲಿನವರ ವಾಟ್ಸಾಪಿನಲ್ಲಿ ಸುದ್ದಿ ಮಂಗಳೂರು, ಉಡುಪಿ, ಕುಂದಾಪುರ ಎಲ್ಲ ಕಡೆ ಹೋಯಿತು.

ಹದಿಮೂರನೇ ದಿನದ ಊಟ ಮುಗಿಯುವ ಹೊತ್ತಿಗೆ ಒಬ್ಬ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದಳು. ಅಲ್ಲಲ್ಲಿ ಕೂದಲು ಬೆಳ್ಳಗಾಗಿದೆ, ಗಟ್ಟಿ ಕೈ, ಹೆಗಲಲ್ಲಿ ಒಂದು ಚೀಲ. ಸೆಂಟ್ರಲ್ಲಿನಿಂದ ಇಲ್ಲಿಗೆ ಬರಲು ಆಟೋದವನಿಗೆ ದಾರಿ ಹೇಳಲು ಆಗಲಿಲ್ಲವಂತೆ. ಹುಟ್ಟಿದ ಊರಿನ ಮಾತು ಪೂರ್ತಿ ಮರೆತಿತ್ತು.

“ನಾ ಸೆಲ್ವಿ, ದೊಡ್ಡಮ್ಮ.”

ಕೂತುಕೋ ಎಂದೆ. ಊಟ ಹಾಕಿದೆ. ಉಂಡಳು. ಅಳಲಿಲ್ಲ. ಅಳದೆ ಇದ್ದದ್ದು ನನಗೆ ಒಳ್ಳೆಯದೆನಿಸಿತು.

“ಅವರು ಸತ್ತದ್ದು ನಿಜವಾ?” ಎಂದು ಕೇಳಿದಳು.

“ಹದಿಮೂರನೇ ದಿನದ ಪಾಯಸ ತಿಂದು ಕೇಳುವ ಪ್ರಶ್ನೆಯಾ ಇದು?”

“ನಂಗೆ ಗೊತ್ತುಂಟು. ಅಮ್ಮನಿಗೆ ಹೇಳ್ಬೇಕಲ್ಲ. ನಾ ಹೇಳಿದ್ರೆ ನಂಬೂದಿಲ್ಲೆ. ನೀವು ಫೋನಲ್ಲಿ ಹೇಳ್ಕ್. ಅದಕ್ಕೇ ಬಂದದ್ದು.”

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳು ಎಂದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಸೆಲ್ವಿ ವಾಪಸು ಹೋದ ಮರುದಿನ ಊಟದ ಹೊತ್ತಿಗೆ ಎಂದಿನ ಹಾಗೆ ಅಡುಗೆಮನೆಯಲ್ಲಿ ಕಾದಳಂತೆ. ಅಮ್ಮ ಅವಳ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದು, ಗಂಡುಮಕ್ಕಳ ಮುಂದೆ, ಮೊದಲ ಜಾಗದಲ್ಲಿ ಕೂರಿಸಿದರು. “ಇನ್ನು ನೀ ಇಲ್ಲೇ ಕೂಕೊ. ಮದ್ರಾಸಿನವರು ಯಾವ ಹೊತ್ತಿಗೆ ಬತ್ರೋ ಗೊತ್ತಿಲ್ಲೆ” ಎಂದರು. ಅವಳಿಗೇ ಮೊದಲು ಬಡಿಸಿದರು. ಅವತ್ತು ಮಾತ್ರ ಅಲ್ಲ, ದಿನಾ. ಅಣ್ಣಂದಿರು ಮದ್ರಾಸಿನ ಸಾಹೇಬ್ತಿ ಎಂದು ಕೀಟಲೆ ಮಾಡಿದರು. ಇವಳು ಅಡುಗೆಮನೆಯ ಕಡೆ ನೋಡುತ್ತ ಗಬಗಬ ನುಂಗುತ್ತಿದ್ದಳು. ಉಂಡು ಮುಗಿಸಿ ಒಳಗೆ ಓಡಿದರೆ, ಅಮ್ಮ ಒಬ್ಬರೇ ಬಟ್ಟಲು ಹಿಡಿದು ಗೋಡೆಯ ಕಡೆ ತಿರುಗಿ ಕೂತಿರುತ್ತಿದ್ದರು. ಬಾಯಿ ತೆರೆದು ನಿಂತರೂ ತುತ್ತು ಕೊಡುತ್ತಿರಲಿಲ್ಲ. “ಹೋಗು, ಯಾರಾದರೂ ಕಂಡರೆ” ಎನ್ನುತ್ತಿದ್ದರು.

“ನಂಟರನ್ನು ಬಿಟ್ಟು ಯಾರಿಗೆ ಮೊದಲು ಬಡಿಸ್ತ್ರು ದೊಡ್ಡಮ್ಮ?” ಎಂದಳು ಸೆಲ್ವಿ. “ಆವತ್ತಿಂದ ನಾನು ಆ ಮನೆಗೆ ನಂಟರವಳು. ಮದುವೆ ಮಾಡಿ ಪಕ್ಕದ ಮನೆಯಲ್ಲೇ ಇಟ್ಕೊಂಡ್ರು, ಗದ್ದೆಯಲ್ಲಿ ಪಾಲು ಬರೆದುಕೊಟ್ರು. ಎಲ್ಲ ಕೊಟ್ರು. ಬಟ್ಟಲಿಗೆ ಮಾತ್ರ ಕೈ ಹಾಕ್ಲಿಕ್ಕೆ ಬಿಡ್ಲಿಲ್ಲ.”

“ಅವರು ವರ್ಷಾ ವರ್ಷಾ ಬರುತ್ತಿದ್ದರಲ್ಲ. ಒಂದು ಮಾತು ಹೇಳಬಾರದಿತ್ತಾ?”

“ಹೇಳ್ಕಂದ್ರೆ, ಅವ್ರು ಪಂಕ್ತಿಯಲ್ಲಿ ಕೂತು ನನ್ನ ಬಟ್ಟಲನ್ನೇ ಕಾಂಬುದು. ಒಳಗಿಂದ ಅಮ್ಮ ಅವ್ರ ಕಣ್ಣನ್ನೇ ಕಾಂಬುದು. ಯಾರು ಯಾರಿಗೆ ಎಂತ ಹೇಳ್ಕ್?”

ಈಗ ಆ ಅಮ್ಮನಿಗೆ ವಯಸ್ಸಾಗಿ ನೆನಪು ಹಿಂದು ಮುಂದಾಗಿದೆ. ಗಂಡ ಸತ್ತದ್ದು ಮರೆತಿದ್ದಾರೆ, ಗಂಡುಮಕ್ಕಳು ಬೇರೆ ಮನೆ ಮಾಡಿದ್ದು ಮರೆತಿದ್ದಾರೆ. ಮದ್ರಾಸಿನವರು ಬರುತ್ತಾರೆ ಎನ್ನುವುದನ್ನು ಮರೆತಿಲ್ಲ. ಸೆಲ್ವಿ ಹೋಗಿ ಉಣಿಸಲು ಕೂತರೆ, ಮೊದಲು ನೀನು ಹೊರಗೆ ಹೋಗಿ ಪಂಕ್ತಿಯಲ್ಲಿ ಕೂಕೊ ಎಂದು ಹೇಳುತ್ತಾರೆ. ಹೊರಗೆ ಪಂಕ್ತಿಯೇ ಇಲ್ಲ. ಇವಳು ಹೋಗದಿದ್ದರೆ ತಾವು ಬಾಯಿ ಬಿಡುವುದಿಲ್ಲ. ಎಷ್ಟೋ ಹೊತ್ತು ಹಾಗೇ ಹಸಿದು ಕೂರುತ್ತಾರೆ. ಮೈಯಲ್ಲಿ ಮೂಳೆ ಮಾತ್ರ ಉಳಿದಿದೆ.

ಸೆಲ್ವಿ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಆ ಕಡೆ ಅವಳ ಮಗಳು ಅಜ್ಜಿಯ ಕಿವಿಗೆ ಹಿಡಿದಳು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

“ಕೇಳಿ. ಮದ್ರಾಸಿನಿಂದ ಮಾತಾಡ್ತಿದ್ದೇನೆ” ಎಂದೆ.

ಹಾಗೆ ಶುರು ಮಾಡಬಾರದಿತ್ತು. ಆ ಕಡೆಯಿಂದ ಸಣ್ಣ ದನಿ: “ಪಂಕ್ತಿಯಲ್ಲೇ ಕೂರಿಸಿದ್ದೇನೆ. ಅವಳದ್ದೇ ಮೊದಲು.”

“ಗೊತ್ತುಂಟು. ಅವರು ಸತ್ತರು. ನಿಮ್ಮ ಮನೆಗೆ ಬಂದು ಮಗುವನ್ನು ಎತ್ತಿಕೊಂಡು ಹೋದರಲ್ಲ, ಅವರು. ನಾನೇ ಕಣ್ಣಾರೆ ಕಂಡಿದ್ದೇನೆ, ಸುಟ್ಟೂ ಆಯ್ತು. ಇನ್ನು ಬರುವುದಿಲ್ಲ.”

ಅಲ್ಲಿ ಎಲ್ಲೋ ಕೋಳಿ ಕೂಗುತ್ತಿತ್ತು.

“ಅವರ ಜಾಗಕ್ಕೆ ಯಾರು ಬತ್ರು?” ಎಂದು ಕೇಳಿದರು.

ಇಷ್ಟು ವರ್ಷ ಆ ಹೆಂಗಸು ಇವರನ್ನು ಒಂದು ಕಚೇರಿ ಎಂದುಕೊಂಡಿದ್ದರು. ಒಬ್ಬ ಹೋದರೆ ಇನ್ನೊಬ್ಬ ಕುರ್ಚಿಯಲ್ಲಿ ಕೂರುತ್ತಾನೆ ಎಂದು ನಂಬಿದ್ದರು. ಕುರ್ಚಿಯಲ್ಲಿ ಕೂತವರೇ ಅಲ್ಲ ಅವರು.

“ಯಾರೂ ಬರುವುದಿಲ್ಲ. ಅವರೊಬ್ಬರೇ ಇದ್ದದ್ದು” ಎಂದೆ. ಫೋನು ಕಟ್ಟಾಯಿತು.

ಸೆಲ್ವಿ ಆ ದಿನವೇ ರೈಲಿಗೆ ಹೊರಟಳು. ಅವಳು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವರು ಬದುಕಿದ್ದಾಗ ಇದು ಗೊತ್ತಾಗಿದ್ದರೆ ನಾನು ಹೇಳುತ್ತಿದ್ದೆನೇ? ಹೇಳುತ್ತಿದ್ದೆ. ನನ್ನ ಬಾಯಿ ನಿಲ್ಲುವುದಿಲ್ಲ. ಹೇಳಿದ್ದರೆ ಅವರು ಅದೇ ಸಂಜೆ ರೈಲು ಹತ್ತಿ, ತಪ್ಪಾಯಿತು ಎನ್ನಲು ಆ ಅಂಗಳದಲ್ಲಿ ಹೋಗಿ ನಿಲ್ಲುತ್ತಿದ್ದರು. ಅವರನ್ನು ಕಂಡು ಆ ಹೆಂಗಸು ಇನ್ನೊಂದು ಸಲ ಸೆಲ್ವಿಯನ್ನು ಪಂಕ್ತಿಗೆ ದೂಡುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಅವರು ನೋಡಲು ಹೋದ ಕಡೆಯೆಲ್ಲ, ಅವರು ನೋಡುತ್ತಾರೆಂದೇ ಜನ ಬೇರೆಯಾದರು. ಸಂಘದವರು ಇದನ್ನು ಹಾಕುತ್ತಾರೋ ಬಿಡುತ್ತಾರೋ, ನನಗೆ ಬೇಕಿಲ್ಲ.

ಕೆಲವು ದಿನ ಕಾದೆ. ಸೆಲ್ವಿಯ ಫೋನು ಬರಲಿಲ್ಲ. ನಾನೇ ಮಗನಿಂದ ಹಚ್ಚಿಸಿದೆ. ಮಧ್ಯಾಹ್ನ ಕಳೆದಿತ್ತು.

“ಉಂಡ್ಯಾ ಹೆಣ್ಣೆ?”

“ಈಗ ಆಯ್ತ್ ದೊಡ್ಡಮ್ಮ.”

“ಯಾರೊಟ್ಟಿಗೆ?”



“ಅಮ್ಮ ಎದುರು ಬಾಗಿಲು ಹಾಕಿ ಬಾ ಅಂದ್ರು. ಹಾಕಿ ಬಂದೆ. ಚಿಲಕ ಸರಿ ಬಿತ್ತಾ, ಎಳೆದು ನೋಡಿ ಬಾ ಅಂದ್ರು. ಎಳೆದು ನೋಡಿ ಬಂದೆ. ಆಮೇಲೆ ಬಟ್ಟಲನ್ನು ನನ್ನ ಕಡೆಗೆ ದೂಡಿದ್ರು.”